ಅಂಟುಗೈಯ ಮ್ಯಾನೇಜರ್

ಒಂಬತ್ತು ಪಂದ್ಯ ಗೆಲುವಿಲ್ಲದೆ ಕಳೆದ ಮೇಲೆ ನನ್ನ ಫುಟ್‌ಬಾಲ್ ಕ್ಲಬ್ಬಿನ ಆಡಳಿತ ಮಂಡಳಿಯಿಂದ ಒಂದು ಪತ್ರ ಬಂತು. ಮುಂದಿನ ಐದು ಪಂದ್ಯಗಳಲ್ಲಿ ಹತ್ತು ಅಂಕ ಗಳಿಸದಿದ್ದರೆ ಮ್ಯಾನೇಜರ್ ಕೆಲಸ ಬಿಟ್ಟು ಮನೆಗೆ ಹೋಗತಕ್ಕದ್ದು ಎಂದು. ಆಗ ನಾನು ಮನೆಯಲ್ಲೇ ಇದ್ದೆ. ಪಿರಿಯಾಪಟ್ಟಣದ ಪಕ್ಕದ ನಮ್ಮೂರಲ್ಲಿ, ತಂಬಾಕು ಬೇಯಿಸುವ ಕೋಣೆಯಾದ ಬ್ಯಾರನ್ನಿನ ಎದುರಿನ ಕಲ್ಲಿನ ಮೇಲೆ, ಮೊಬೈಲ್ ಹಿಡಿದು ಕೂತಿದ್ದೆ. ಕ್ಲಬ್ಬು ಮೊಬೈಲಿನ ಒಳಗಿತ್ತು.

ಈ ಆಟವನ್ನು ನನ್ನ ಫೋನಿಗೆ ಹಾಕಿಕೊಟ್ಟವನು ಹುಣಸೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಒಡೆದ ಗ್ಲಾಸು ಬದಲಾಯಿಸಲು ಹೋದಾಗ, "ಇದ್ರಲ್ಲಿ ನೀನು ಆಡೋದಲ್ಲ ಗುರು, ಆಡ್ಸೋದು" ಎಂದಿದ್ದ. ಆ ಮಾತಿಗೆ ನಾನು ಮರುಳಾದೆ. ಹನ್ನೊಂದು ಜನರನ್ನು ಆರಿಸಬೇಕು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳಬೇಕು, ಆಮೇಲೆ ಅವರು ಓಡುವುದನ್ನು ನೋಡುತ್ತಾ ಕೂರಬೇಕು. ನಲವತ್ತೇಳು ವರ್ಷದ ನನ್ನ ಮಾತನ್ನು ಹನ್ನೊಂದು ಜನ ಒಟ್ಟಿಗೆ ಕೇಳಿದ್ದು ಅದೇ ಮೊದಲು.

ಮನೆಯಲ್ಲಿ ಆ ಭಾಗ್ಯವಿರಲಿಲ್ಲ. ಅದಕ್ಕೆ ಕಾರಣ ಹಿಂದಿನ ವರ್ಷದ ಬ್ಯಾರನ್. ತಂಬಾಕಿನ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ತೂಗುಹಾಕಿದ ಮೇಲೆ ಶಾಖವನ್ನು ನಿಧಾನವಾಗಿ ಏರಿಸಬೇಕು, ಸೊಪ್ಪು ತಾನಾಗಿ ಹಳದಿಗೆ ತಿರುಗುವವರೆಗೆ ಕಾಯಬೇಕು. ನನಗೆ ಕಾಯುವುದಾಗಲಿಲ್ಲ. ಗೋಡೆಯ ಗಾಜಿನ ಕಿಂಡಿಯಲ್ಲಿ ನೋಡುವುದು ಬಿಟ್ಟು ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡಿದೆ. ಬಾಗಿಲು ತೆಗೆದಾಗ ಶಾಖ ಇಳಿಯಿತು, ಇಳಿಯಿತೆಂದು ಎರಡು ಹೊರೆ ಸೌದೆ ತುರುಕಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಸೊಪ್ಪೆಲ್ಲ ಹಸಿರು ಹಸಿರಾಗಿಯೇ ಒಣಗಿತು. ಅಂದಿನಿಂದ ಬ್ಯಾರನ್ನಿನ ಉಸ್ತುವಾರಿ ಹೆಂಡತಿಯದು. ನನ್ನ ಕೆಲಸ ಸೌದೆ ಹೊರುವುದು. ಒಲೆಗೆ ಹಾಕುವುದೂ ಅವಳೇ.

ಹಾಗಾಗಿ ಮಂಡಳಿಯ ಪತ್ರ ನನ್ನನ್ನು ನಿಜವಾಗಿಯೂ ಹೆದರಿಸಿತು. ಇಲ್ಲಿಯೂ ಹೊರಹಾಕಿಸಿಕೊಂಡರೆ, ಮುಟ್ಟಿದ್ದನ್ನೆಲ್ಲ ಕೆಡಿಸುವವನು ಎಂಬ ಹೆಸರು ಖಾಯಂ ಆಗುತ್ತಿತ್ತು. ಹೆಂಡತಿ ಬಾಯಿಬಿಟ್ಟು ಹಾಗೆ ಎಂದೂ ಅಂದವಳಲ್ಲ. ನಾನೇ ಅಂದುಕೊಳ್ಳುತ್ತಿದ್ದೆ, ಅದು ಇನ್ನೂ ಕಷ್ಟ.

ಕಳೆದ ಆ ಒಂಬತ್ತು ಪಂದ್ಯಗಳಲ್ಲಿ ಗೆಲ್ಲಲು ನಾನು ಮಾಡದ ಪ್ರಯತ್ನವಿರಲಿಲ್ಲ. ಒಂದು ಪಂದ್ಯಕ್ಕೆ ನಾಲ್ವರನ್ನು ಹಿಂದೆ ನಿಲ್ಲಿಸಿದೆ, ಮುಂದಿನದಕ್ಕೆ ಮೂವರನ್ನು. ಗೋಲ್‌ಕೀಪರನ್ನು ಮೂರು ಸಲ ಬದಲಾಯಿಸಿದೆ. ಎಡಗಾಲಿನವನನ್ನು ಬಲಕ್ಕೆ ಹಾಕಿದೆ. ಸೌದೆ ಒಟ್ಟುತ್ತಿದ್ದ ಹೆಂಡತಿ ಒಮ್ಮೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಆ ಉಡುಗ್ರುನ್ನ ಒಂದ್ಕಡೆ ನಿಂತ್ಕಳಕ್ಕೆ ಬುಡ್ರೀ" ಎಂದಳು.

"ನಿಂಗೇನ್ ಗೊತ್ತಾಯ್ತದೆ ಪುಟ್ಬಾಲು?"

"ಪುಟ್ಬಾಲ್ ಗೊತ್ತಿಲ್ಲ ಕಣ್ರೀ. ನೀವು ಗೊತ್ತು."

ಹುಣಸೂರಿನ ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡರೆ ಅವನೂ ಅದೇ ರಾಗ ಹಾಡಿದ. "ಲೇ, ನಿನ್ ಟೀಮ್‌ಗೆ ಬಂದಿರೋ ಕಾಯ್ಲೆ ನೀನೇ ಕಣೋ. ರಜೆ ಹಾಕು. ಆಟದಲ್ಲೇ ರಜೆ ಅಂತ ಬಟನ್ ಐತೆ. ನಿನ್ ಸಹಾಯಕ ನೋಡ್ಕತಾನೆ."

ನನಗೆ ಮೈಯೆಲ್ಲ ಉರಿಯಿತು. ಆ ಸಹಾಯಕ ಕೋಚ್ ಇದ್ದಾನೆಂಬುದೇ ನನಗೆ ಮರೆತುಹೋಗಿತ್ತು. ಬೋಳುತಲೆಯ ಚಿತ್ರವೊಂದು, ಪ್ರತಿ ವಾರ ಏನೋ ಸಲಹೆ ಕೊಡುತ್ತಿತ್ತು, ನಾನು ಓದದೆಯೇ ಅಳಿಸುತ್ತಿದ್ದೆ. ಆಗಲಿ, ನಾನಿಲ್ಲದಿದ್ದರೆ ಏನಾಗುತ್ತದೆಂದು ಇವರಿಗೆಲ್ಲ ತಿಳಿಯಲಿ ಎಂದು ನಾಲ್ಕು ಪಂದ್ಯಗಳಿಗೆ ರಜೆ ಒತ್ತಿದೆ. ಸತ್ಯ ಹೇಳಬೇಕೆಂದರೆ, ನನ್ನ ತಂಡ ಸೋಲಲಿ ಎಂದು ನಾನು ದೇವರಲ್ಲಿ ಬೇಡಿಕೊಂಡ ದಿನ ಅದೊಂದೇ.

ಎರಡು ಹೊರೆ ಸೌದೆ ಹೊತ್ತು ಬರುವಷ್ಟರಲ್ಲಿ ಆಟದೊಳಗೆ ತಿಂಗಳು ಕಳೆದಿತ್ತು. ನಾಲ್ಕರಲ್ಲಿ ಮೂರು ಗೆಲುವು, ಒಂದು ಸೋಲು. ಒಂಬತ್ತು ಅಂಕ! ಬೋಳುತಲೆಯವನು ಯಾವ ಮಂತ್ರ ಹಾಕಿದನೆಂದು ಪಟ್ಟಿ ತೆಗೆದು ನೋಡಿದೆ. ನಾಲ್ಕೂ ಪಂದ್ಯಗಳಿಗೆ ಅದೇ ಹನ್ನೊಂದು ಜನ, ಅದೇ ಜಾಗ. ಅವನು ಏನೂ ಮಾಡಿರಲಿಲ್ಲ. ಬಾಗಿಲನ್ನೇ ತೆಗೆದಿರಲಿಲ್ಲ.

ಇನ್ನೊಂದು ಪಂದ್ಯ, ಒಂದು ಅಂಕ. ಸಮನಾದರೂ ಸಾಕು. ಹೆಂಡತಿಗೆ ಹೇಳಿದೆ.

"ಅದ್ನೂ ಅವನಿಗೇ ಬುಟ್‌ಬುಡಿ" ಎಂದಳು.

"ಆಮೇಲೆ ನಾನು ಉಳಿದದ್ದು ಅವನಿಂದ ಅನ್ನಿಸ್ಕಬೇಕಾ? ನಾನೇ ಕೂರ್ತೀನಿ. ಏನೂ ಮುಟ್ಟಲ್ಲ."

ಅವಳು ನಕ್ಕಳು. ಆ ನಗು ನನಗೆ ಚೆನ್ನಾಗಿ ಗೊತ್ತು, ಬ್ಯಾರನ್ ಕೆಟ್ಟ ದಿನವೂ ಹೀಗೇ ಶಪಥ ಮಾಡಿದ್ದೆ. ಆಗ ಚಪ್ಪರದ ಕೆಳಗೆ ಅಂದು ಬೆಳಿಗ್ಗೆ ಕಿತ್ತ ಸೊಪ್ಪು ರಾಶಿ ಬಿದ್ದಿತ್ತು. ಹಸಿ ತಂಬಾಕು ಮುಟ್ಟಿದವರಿಗೆ ಗೊತ್ತು, ನಾಲ್ಕು ಕಡ್ಡಿ ಕಟ್ಟುವಷ್ಟರಲ್ಲಿ ಬೆರಳುಗಳಿಗೆ ಕಪ್ಪು ಅಂಟು ಹತ್ತುತ್ತದೆ, ಸೋಪು ಹಾಕಿ ತಿಕ್ಕಿದರೂ ಬೇಗ ಹೋಗದು. ಆ ಕೈಯಲ್ಲಿ ಮೊಬೈಲ್ ಮುಟ್ಟಿದರೆ ಅದು ಕ್ಯಾರೇ ಅನ್ನುವುದಿಲ್ಲ.

ಸಹಾಯಕನ ತಂಡವನ್ನು ಹಾಗೆಯೇ ಇಟ್ಟು, ಪಂದ್ಯ ಶುರು ಮಾಡಿ, ಫೋನನ್ನು ಇಟ್ಟಿಗೆಗೆ ಒರಗಿಸಿದೆ. ಆಮೇಲೆ ಸೊಪ್ಪಿನ ರಾಶಿಯ ಮುಂದೆ ಕೂತು ಕಟ್ಟತೊಡಗಿದೆ. ಹೆಂಡತಿ ಎದುರಿಗೆ ಕೂತಳು. ಇಪ್ಪತ್ತನೇ ನಿಮಿಷಕ್ಕೆ ನಮ್ಮವರು ಗೋಲು ಹೊಡೆದರು, ನಾನು ದಾರ ಹರಿದುಕೊಂಡೆ. ಎಪ್ಪತ್ತನೇ ನಿಮಿಷಕ್ಕೆ ಅವರೂ ಹೊಡೆದರು. ಒಂದಕ್ಕೊಂದು. ಇನ್ನು ಇಪ್ಪತ್ತು ನಿಮಿಷ!

ನನ್ನ ಎಡಗಡೆಯ ಆಟಗಾರ ಸುಸ್ತಾಗಿದ್ದ. ಅವನನ್ನು ಬದಲಾಯಿಸಲೇಬೇಕು ಎನ್ನಿಸಿತು. ಹೆಬ್ಬೆರಳಿನಿಂದ ಒತ್ತಿದೆ, ಏನೂ ಆಗಲಿಲ್ಲ. ಕಿರುಬೆರಳು, ಆಗಲಿಲ್ಲ. ಪಂಚೆಗೆ ಒರೆಸಿದೆ, ಪಂಚೆ ಕಪ್ಪಾಯಿತು. ಕೊನೆಗೆ ಮಂಡಿಯೂರಿ, ಬಗ್ಗಿ, ಮೂಗಿನ ತುದಿಯನ್ನು ಫೋನಿನ ಹತ್ತಿರ ಒಯ್ದೆ.

"ರೀ!" ಎಂದಳು ಹೆಂಡತಿ.

ಮೂಗು ಅಲ್ಲೇ ನಿಂತಿತು. ಅವಳು ಫೋನನ್ನು ಕಸಿದುಕೊಳ್ಳಬಹುದಿತ್ತು, ಕಸಿದುಕೊಳ್ಳಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ನನಗೆ ಏಕೋ ಬಹಳ ನಾಚಿಕೆಯಾಯಿತು. ನಿಧಾನವಾಗಿ ಹಿಂದೆ ಸರಿದು ಇನ್ನೊಂದು ಕಡ್ಡಿ ಎತ್ತಿಕೊಂಡೆ. ಸುಸ್ತಾದ ಆ ಬಡಪಾಯಿ ಕೊನೆಯವರೆಗೂ ಕುಂಟುತ್ತಲೇ ಓಡಿದ. ನಾನು ಆರು ಕಡ್ಡಿ ಕಟ್ಟಿದೆ. ಪಂದ್ಯ ಒಂದಕ್ಕೊಂದರಲ್ಲೇ ಮುಗಿಯಿತು.

ಮಂಡಳಿಯ ಪತ್ರವನ್ನು ಹೆಂಡತಿಯೇ ಓದಿ ಹೇಳಿದಳು. ತಾಳ್ಮೆಯ ನಿರ್ವಹಣೆಗಾಗಿ ಅಭಿನಂದನೆಗಳು, ನೀವೇ ಮುಂದುವರಿಯಿರಿ ಎಂದಿತ್ತು. ತಾಳ್ಮೆ ಎಂಬ ಪದ ಬಂದಾಗ ಅವಳಿಗೆ ನಗು ತಡೆಯಲಾಗದೆ ಎರಡು ಸಲ ನಿಲ್ಲಿಸಬೇಕಾಯಿತು.

ಆ ಸೊಪ್ಪು ಬ್ಯಾರನ್ ಸೇರಿ, ಅವಳೇ ಒಲೆ ಹಚ್ಚಿದ ಮಾರನೆಯ ದಿನ ಕೆ.ಆರ್. ನಗರದಲ್ಲಿ ಅವಳ ತಮ್ಮನ ಮನೆಯ ಗೃಹಪ್ರವೇಶವಿತ್ತು. ಪ್ರತಿ ಸಲ ಇಂಥದ್ದಕ್ಕೆ ನನ್ನನ್ನು ಕಳಿಸಿ ಅವಳು ಬ್ಯಾರನ್ ಕಾಯುತ್ತಿದ್ದಳು. ಈ ಸಲ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು, ಬಸ್ಸಿಗೆ ಹೊರಟು ನಿಂತಳು.

"ಸಂಜೆಗೆ ಬತ್ತೀನಿ. ಗಾಜ್ನಾಗೆ ನೋಡ್ಕಂಡು ಒಂದೊಂದೇ ಸೌದೆ ಹಾಕಿ" ಎಂದಳು. ನಾನು ತಲೆಯಾಡಿಸಿದೆ. ಬಾಗಿಲು ತೆಗೆಯಬೇಡಿ ಎಂದು ಅವಳು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ, ರಸ್ತೆಯ ತಿರುವು ದಾಟಿ ಹೋದಳು.

ನಾನು ಚಪ್ಪರಕ್ಕೆ ಹೋಗಿ, ಉಳಿದಿದ್ದ ಹಸಿ ಸೊಪ್ಪನ್ನು ಎರಡೂ ಕೈಗೆ ಚೆನ್ನಾಗಿ ತಿಕ್ಕಿಕೊಂಡು ಬಂದು ಬ್ಯಾರನ್ ಮುಂದೆ ಕೂತೆ. ಅಂಟುಗೈಯಲ್ಲಿ ಬಾಗಿಲು ತೆಗೆಯಲು ಬರುತ್ತದೆ, ಅದು ನನಗೂ ಗೊತ್ತು. ಆದರೂ ಸಂಜೆಯವರೆಗೆ ತೆಗೆಯಲಿಲ್ಲ.