ಶರಣವ್ವನ ಸೆರಗು

ಶಿರಗುಪ್ಪಿಯ ವಾರದ ಸಂತೆಯಲ್ಲಿ ಒಣಮೀನು ಕೊಳ್ಳುವವರು ಮೀನನ್ನು ಮುಟ್ಟುವುದಿಲ್ಲ. ಮಾರುವ ರೆಹಮತ್‌ಬಿಯೇ ತುಂಡನ್ನೆತ್ತಿ, ಮೂಗಿನ ಬಳಿ ಹಿಡಿದು, ಒಪ್ಪಿಗೆಯಾದರೆ ತಕ್ಕಡಿಗೆ ಹಾಕುತ್ತಾಳೆ. ಅತ್ತೆಯ ಕಾಲದಿಂದ ಬಂದ ರೂಢಿ ಅದು. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಯಿಂದ ಟೆಂಪೋ ಹತ್ತಿ ಬರತೊಡಗಿದ ಅವಳು, ಕಾರವಾರದ ಕಡೆಯ ಮೂಟೆಗಳನ್ನು ಮೂಸಿ ಮೂಸಿಯೇ ಹೆಣ್ಣುಮಕ್ಕಳ ಮದುವೆ ಮಾಡಿದ್ದಳು.

ಕಳೆದ ವರ್ಷದ ಜ್ವರ ಆ ಮೂಗನ್ನು ಕೊಂದಿತು. ವಾಸನೆಯ ನರಗಳು ಕೆಲವರಲ್ಲಿ ಮತ್ತೆ ಚಿಗುರುತ್ತವೆ, ಕೆಲವರಲ್ಲಿ ಇಲ್ಲ ಎಂದಷ್ಟೇ ವಿದ್ಯಾನಗರದ ಡಾಕ್ಟರು ಹೇಳಿದರು. ಪ್ರಾಮಾಣಿಕ ಉತ್ತರವೇ, ಆದರೆ ಬುಟ್ಟಿಯ ಮುಂದೆ ಕುಳಿತವಳಿಗೆ ಅದರಿಂದ ಏನುಪಯೋಗ? ರೆಹಮತ್‌ಬಿ ಯಾರಿಗೂ ಹೇಳಲಿಲ್ಲ. ತುಂಡನ್ನು ಮೂಗಿಗೆ ಹಿಡಿಯುವುದನ್ನೂ ಬಿಡಲಿಲ್ಲ.

ಅವಳಿಗೆ ಬೇರೊಂದು ಮೂಗು ಸಿಕ್ಕಿತ್ತು. ಪಕ್ಕದಲ್ಲಿ ಒಣಮೆಣಸಿನಕಾಯಿ ಮಾರುವ ಶರಣವ್ವ ಕೊರಳಲ್ಲಿ ಲಿಂಗ ಧರಿಸಿದವಳು, ಮೀನೆಂದರೆ ಮಾರು ದೂರ. ಮೂಟೆ ಬಿಚ್ಚಿದೊಡನೆ ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡರೆ ಸರಕು ಎಂದಿನಂತಿದೆ; ಬೈಯುತ್ತ ತನ್ನ ಚೀಲವನ್ನು ಆಚೆ ಎಳೆದುಕೊಂಡರೆ ಕೆಟ್ಟಿದೆ. ನಂಬಬಹುದಾದ ಅಳತೆಯೇ. ಅಳೆಯುವವಳಿಗೆ ಮಾತ್ರ ತಾನು ಅಳೆಯುತ್ತಿದ್ದೇನೆಂಬ ಅರಿವಿರಲಿಲ್ಲ.

ಹಿಂದಿನ ವಾರ ಸೊರ ಮೀನಿನ ಮೂಟೆ ಬಿಚ್ಚಿದಾಗ ಶರಣವ್ವ ಸೆರಗು ಮುಟ್ಟಲೇ ಇಲ್ಲ. ವಾಸನೆಯೇ ಹತ್ತದಷ್ಟು ಚೆನ್ನಾಗಿ ಒಣಗಿದೆ ಎಂದು ಹಿಗ್ಗಿದ ರೆಹಮತ್‌ಬಿ, ಮೊದಲ ಗಿರಾಕಿ ಫಿರದೋಸಳಿಗೆ ದೊಡ್ಡ ತುಂಡುಗಳನ್ನೇ ಆರಿಸಿ ಕೊಟ್ಟಳು. ಫಿರದೋಸಳ ತಂಗಿ ಬಾಣಂತಿ. ಸೊರದ ಸಾರಿನಿಂದ ಎದೆಹಾಲು ಹೆಚ್ಚುತ್ತದೆಂಬ ನಂಬಿಕೆ. ಯಾರೂ ಪರೀಕ್ಷಿಸಿ ನೋಡಿದವರಿಲ್ಲ, ಆದರೂ ಕುದಿಸುತ್ತಾರೆ. ಅಷ್ಟರಲ್ಲಿ ಮಳೆ ಬಂದು ಸಂತೆ ಚದುರಿತು. ಉಳಿದ ಮೂಟೆ ಹಾಗೆಯೇ ಗೋದಾಮು ಸೇರಿತು.

ಈ ವಾರ ಬೇರೆ ಮೂಟೆ ಇಳಿಸಿಕೊಳ್ಳುತ್ತಿದ್ದಾಗ ಶರಣವ್ವ ನಕ್ಕಳು.

“ಹ್ವಾದ ವಾರ ಏನ್ ನಾತ ಇತ್ತಬೇ ನಿಂದು! ಸಾಯೂದೊಂದ ಬಾಕಿ ಇತ್ತು.”

ರೆಹಮತ್‌ಬಿಯ ಕೈ ಹಗ್ಗದ ಮೇಲೆಯೇ ನಿಂತಿತು. “ಮತ್ತ ಮೂಗ ಮುಚ್ಚಿಕೊಳ್ಳಲಿಲ್ಲಲ್ಲ ನೀ?”

“ನಮ್ಮ ರಜನಿ ಬೈದ್ಳವಾ. ಮೊಮ್ಮಗಳಲ್ಲ ಅಕಿ, ಮಾಸ್ತರಣಿ! ‘ಆಯೀ, ಬಾಜೂ ಕುಂತಾಕಿ ಮುಂದ ಹಂಗ ಮೂಗ ಮುಚ್ಚಿದ್ರ ಅಕಿಗೆ ಎಷ್ಟ ಕೆಟ್ಟ ಅನಸ್ತೈತಿ’ ಅಂದ್ಳು. ಖರೇ ಅನಿಸ್ತು. ಉಸಿರ ಬಿಗಿಹಿಡದು ಕುಂತಿದ್ನಿ. ಮರ್ಯಾದಿ ಕೊಟ್ಟೇನಿ ನಿನಗ!”

ರೆಹಮತ್‌ಬಿಗೆ ಫಿರದೋಸಳ ಪೊಟ್ಟಣ ನೆನಪಾಯಿತು. ಕೆಟ್ಟ ಮೀನು ಬಾಣಂತಿಯ ಹೊಟ್ಟೆ ಸೇರಿದೆ. ಅಲ್ಲಿಂದ ಕೂಸಿನ ಬಾಯಿಗೆ. ಯಾವ ವಿಷ ಹಾಲಿಗೆ ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದು ಅವಳಿಗೆ ತಿಳಿಯದು. ತಿಳಿಯದ್ದರಿಂದಲೇ ಅವಳ ಕಣ್ಣೆದುರು ಎಲ್ಲ ವಿಷವೂ ಇಳಿಯಿತು.

ಸಂತೆ ತುಂಬಿತು. ಎಲ್ಲರಿಗಿಂತ ಮೊದಲು ಬರುವ ಫಿರದೋಸ ಬರಲಿಲ್ಲ. ತಡೆಯಲಾರದೆ ಎದುರಿನ ಸೈಕಲ್ ಅಂಗಡಿಯ ಹುಸೇನಬಾಷಾನನ್ನು ಕೇಳಿದಳು.

“ಫಿರದೋಸನ್ನ ಎಲ್ಲೆರ ಕಂಡೀರೇನ್ರಿ, ಭಾಯ್?”

“ಮುಂಜಾನೆ ದವಾಖಾನಿ ಕಡೆ ಹೊಂಟಿದ್ಳು. ತಂಗಿ ಕೂಸನ್ನ ಎತಗೊಂಡು.”

ಆಮೇಲೆ ಯಾರು ಏನು ಕೇಳಿದರೂ ರೆಹಮತ್‌ಬಿಗೆ ಕೇಳಿಸಲಿಲ್ಲ. ಎದ್ದು ದವಾಖಾನೆಗೆ ಓಡಬೇಕೆನಿಸಿತು; ಅಲ್ಲಿ ಏನು ಕಾಣಬೇಕಾದೀತೋ ಎಂದು ಕಾಲು ಏಳಲಿಲ್ಲ. ಮೂಟೆಯನ್ನು ಬಿಚ್ಚಲೂ ಇಲ್ಲ.

ಬಿಸಿಲೇರಿದ ಮೇಲೆ ಫಿರದೋಸ ಜನರನ್ನು ತಳ್ಳಿಕೊಂಡು ಬಂದಳು.

“ಏನ್ ಖಾಲಾ, ಬೆಕ್ಕು ಸೈತ ಮೂಸಿ ಹಿಂದಕ್ಕ ಸರೀತು! ಅಮ್ಮಿ ಪೊಟ್ಟಣ ಬಿಚ್ಚಿದ್ದ ತಡ, ತಿಪ್ಪಿಗೆ ಒಗದ್ಳು. ನಿಮ್ಮ ಮೂಗಿಗೆ ಏನಾಗೇತಿ?”

“ಕೂಸು?” ರೆಹಮತ್‌ಬಿ ಅವಳ ಕೈ ಹಿಡಿದುಕೊಂಡಳು. “ಕೂಸು ಹೆಂಗೈತಿ?”

“ಅದಕ್ಕೇನಾಗೇತಿ? ಲಸಿಕಿ ಸೂಜಿ ಹಾಕಿಸ್ಕೊಂಡು ಬಂದ್ವಿ. ಊರೆಲ್ಲ ಕೇಳೂಹಂಗ ಚೀರಿ ಮಲಕ್ಕೊಂಡೈತಿ.”

ಕೂಸು ಕ್ಷೇಮವಾಗಿದೆ ಎಂದು ರೆಹಮತ್‌ಬಿಗೆ ಖಾತ್ರಿಯಾಯಿತು. ಆದರೆ ಅಂಜಿಕೆ ಹೋಗಲಿಲ್ಲ. ಕೂಸನ್ನು ಉಳಿಸಿದ್ದು ಇನ್ನೊಂದು ಮನೆಯ ಮುದುಕಿಯ ಮೂಗು. ಒಮ್ಮೆ ತಪ್ಪಿದ ಅನಾಹುತ ಮುಂದಿನದಕ್ಕೆ ಜಾಮೀನಲ್ಲ. ಮಳೆಯಲ್ಲಿ ತೊಯ್ದಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ನನಗ ವಾಸನಿ ಬರೂದಿಲ್ಲವಾ. ಜರ ಬಂದಾಗಿಂದ. ಈ ಶರಣವ್ವನ ಸೆರಗ ನೋಡಿ ಮಾರಾಕತ್ತೇನಿ.”

ಮೂಟೆ ಬಿಚ್ಚುವುದನ್ನೇ ಕಾಯುತ್ತಿದ್ದ ಹೆಂಗಸೊಬ್ಬಳು ಮೆಲ್ಲನೆ ಸರಿದು ಕಾಯಿಪಲ್ಯೆಯ ಸಾಲಿಗೆ ಹೋದಳು.

“ಅಯ್ಯ ಶಿವನ!” ಶರಣವ್ವ ಬಾಯಿಯ ಮೇಲೆ ಕೈಯಿಟ್ಟಳು. “ಮೀನ ಕಣ್ಣೆತ್ತಿ ನೋಡದಾಕಿನ್ನ ಮೀನಗಾತಿ ಮಾಡಿಟ್ಟಿಯಲ್ಲಬೇ! ರಜನಿಗೆ ಏನ್ ಹೇಳ್ಲಿ ನಾ?” ಮೂಟೆಯತ್ತ ತಿರುಗಿದಳು. “ಬಿಚ್ಚು ಮೂಟಿ.”

ರೆಹಮತ್‌ಬಿ ಗಂಟು ಬಿಚ್ಚಿದಳು. ಮೂಟೆಯ ಬಾಯಿ ತೆರೆದಾಗ ಶರಣವ್ವ ಕಣ್ಣು ಮುಚ್ಚಿ, ಎಂದೂ ಮಾಡದ ಹಾಗೆ ಮುಂದಕ್ಕೆ ಬಾಗಿದಳು. ಮುಖ ಕಿವುಚಿತು. ಸೆರಗು ಮೂಗಿಗೆ ಏರಿತು. ಇನ್ನೊಂದು ಕೈ ಮೆಣಸಿನಕಾಯಿ ಚೀಲದ ಮೇಲಿತ್ತು. ರೆಹಮತ್‌ಬಿ ಆ ಕೈಯನ್ನೇ ನೋಡುತ್ತಿದ್ದಳು.

ಚೀಲ ಅಲುಗಲಿಲ್ಲ.

“ದಿನದ ನಾತನ,” ಎಂದಳು ಶರಣವ್ವ ಸೆರಗಿನ ಒಳಗಿನಿಂದ. “ಕೊಡು.”

ರೆಹಮತ್‌ಬಿ ತುಂಡೊಂದನ್ನು ಎತ್ತಿದಳು. ಫಿರದೋಸ ಇನ್ನೂ ಕೈಚೀಲ ಚಾಚಿರಲಿಲ್ಲ.