ನಾರಿನ ಮ್ಯಾಟು ಮತ್ತು ಬೆನಕಪ್ಪ

ಕಳೆದ ಶನಿವಾರ ಬೆಳಿಗ್ಗೆ ಎಂಟಕ್ಕೇ ನಾನೂ ನನ್ನ ಹೆಂಡತಿ ಸುಮಳೂ ಕೆನಡಾದ ರಿಚ್ಮಂಡ್ ಹಿಲ್ಲಿನ ಒಂದು ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆವು. ಬೇಸ್‌ಮೆಂಟಿನ ನಲ್ಲಿಗೆ ಒಂದು ವಾಷರು ಬೇಕಿತ್ತು. ಅಂಗಡಿಯ ಹೊರಗೆ, ಹೂಗಿಡಗಳನ್ನು ಇಟ್ಟಿದ್ದ ಕಡೆ, ಕಾಲೊರೆಸುವ ಮ್ಯಾಟುಗಳ ಒಂದು ಅಟ್ಟಿ ಹಿಂದಿನ ದಿನದ ಮಳೆಗೆ ನೆನೆದು ಕೂತಿತ್ತು. ನೆನೆದ ತೆಂಗಿನ ನಾರಿನ ವಾಸನೆ ನಿಮಗೆ ಗೊತ್ತಿರಬಹುದು. ಹಳೆಯ ಬಾವಿಹಗ್ಗದ್ದು, ಕೊಂಚ ಹುಳಿ, ಕೊಂಚ ಮಣ್ಣು. ಬೇರೆಯವರಿಗೆ ಅದು ಊರಿನ ನೆನಪು ತರಬಹುದು. ನನಗೆ ಅದು ಬೇಡ.

ನಾನು ಬೇಗ ಬೇಗ ದಾಟಿ ಹೋಗಬೇಕೆಂದಿದ್ದೆ. ಸುಮ ಅಲ್ಲೇ ನಿಂತು ಒಂದು ಮ್ಯಾಟಿನ ಅಂಚನ್ನು ಬೆರಳಲ್ಲಿ ಸವರಿದಳು. ಹೋದ ತಿಂಗಳಷ್ಟೇ ಅವಳು ತಿಪಟೂರಿಗೆ ಹೋಗಿ ಬಂದಿದ್ದಳು.

“ಗಿರಿಜ ಈಗ ಸೆಕ್ರೆಟರಿ ಅಲ್ಲ, ಗೊತ್ತಾ ನಿಮಗೆ? ಆಗಲೇ ಬಿಟ್ಟಳಂತೆ. ನಿಮ್ಮ ಮ್ಯಾಟು ಬಂತಲ್ಲ, ಆ ವರ್ಷಾನೇ,” ಅಂದಳು.

ಗಿರಿಜಮ್ಮ ಸುಮಳ ಹೈಸ್ಕೂಲು ಗೆಳತಿ. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇಪ್ಪತ್ತೆಂಟು ಹೆಂಗಸರು ಸೇರಿ ನಡೆಸುತ್ತಿದ್ದ ನಾರಿನ ಸೊಸೈಟಿಗೆ ಅವರು ಕಾರ್ಯದರ್ಶಿ. ಆಗಿದ್ದರು ಅನ್ನಬೇಕು. ಯಾಕೆ ಬಿಟ್ಟರು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಎನ್ನುವುದು ನಿಜ. ಯಾಕಿರಲಿಲ್ಲ ಅನ್ನುವುದಕ್ಕೆ ನಿಮ್ಮನ್ನು ಎಂಟೊಂಬತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗಬೇಕು.

ಆಗ ನಮ್ಮ ಊರಿನ ಪುರಸಭೆಗೆ ಇದ್ದಕ್ಕಿದ್ದಂತೆ ನಮ್ಮ ಮೇಲೆ ಪ್ರೀತಿ ಹುಟ್ಟಿತ್ತು. ಹತ್ತಿರದ ಊರು ಮಾರ್ಕಮ್ಮಿನ ಕಂಪ್ಯೂಟರ್ ಆಫೀಸುಗಳಲ್ಲಿ ನಮ್ಮವರ ಮುಖಗಳು ಹೆಚ್ಚುತ್ತಿದ್ದ ಕಾಲ. ದಕ್ಷಿಣ ಏಷ್ಯಾದ ದೇಶಗಳ ಜೊತೆ ವ್ಯಾಪಾರ, ಶಿಕ್ಷಣ, ಕ್ರೀಡೆಗಳ ನಂಟು ಬೆಳೆಸಲು ಒಂದು ಸಮಿತಿ ಮಾಡಿದರು. ವ್ಯಾಪಾರವನ್ನು ಸೂಟು ಹಾಕುವ ಗುಜರಾತಿಯೊಬ್ಬರು ಹಿಡಿದರು. ಶಿಕ್ಷಣವನ್ನು ಜಾಫ್ನಾದ ನಿವೃತ್ತ ಹೆಡ್‌ಮಾಸ್ತರೊಬ್ಬರು ಯಾರಿಗೂ ಬಿಟ್ಟುಕೊಡಲಿಲ್ಲ. ಉಳಿದದ್ದು ಕ್ರೀಡೆ, ಉಳಿದವನು ನಾನು. ಮೈಸೂರಿನ ಕಾಲೇಜು ಟೀಮಿನಲ್ಲಿ ಮೂರು ವರ್ಷ ನೀರಿನ ಬಾಟಲಿ ಹೊತ್ತ ಹನ್ನೆರಡನೆಯ ಆಟಗಾರ ನಾನು ಎಂಬುದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ.

ಆದರೆ ನನಗೂ ಒಂದು ಐಡಿಯಾ ಇತ್ತು. ಊರಿನ ಪಾರ್ಕಿನ ಮೂಲೆಯಲ್ಲಿ ಒಂದು ಕ್ರಿಕೆಟ್ ಪಿಚ್ಚು ಬೇಕು. ಇಲ್ಲಿ ಕಾಂಕ್ರೀಟಿನ ಪಟ್ಟಿ ಹಾಕಿ ಅದರ ಮೇಲೆ ನಾರಿನ ಮ್ಯಾಟು ಹಾಸಿ ಆಡುತ್ತಾರೆ. ಆ ಮ್ಯಾಟನ್ನು ಗಿರಿಜಮ್ಮನ ಸೊಸೈಟಿಯಿಂದಲೇ ತರಿಸಿದರೆ ಕ್ರೀಡೆಯೂ ಆಯಿತು, ವ್ಯಾಪಾರವೂ ಆಯಿತು. ಪಾರ್ಕುಗಳ ಅಧಿಕಾರಿ ಗ್ಲೆನ್ ಎಂಬವನಿಗೆ ಇದು ಹಿಡಿಸಿತು. ಒಳ್ಳೆಯ ಮನುಷ್ಯ, ಮಾತು ಕಮ್ಮಿ. ಅವನದು ಒಂದೇ ಷರತ್ತು. ಜುಲೈ ಮೊದಲ ವಾರ ಬೆಂಗಳೂರಿನಿಂದ ಅತಿಥಿಗಳು ಬರುತ್ತಾರೆ, ಮೇಯರ್ ಅವರ ಜೊತೆ ಆಡುತ್ತಾರೆ, ಅಷ್ಟರೊಳಗೆ ಪಿಚ್ಚು ಸಿದ್ಧವಿರಬೇಕು. ಇಲ್ಲದಿದ್ದರೆ ಆ ಮೂಲೆ ಬೇಸ್‌ಬಾಲಿನವರಿಗೆ. ಮ್ಯಾಟು ಚೆನ್ನಾಗಿದ್ದರೆ ಸುತ್ತಲಿನ ಊರುಗಳ ಇನ್ನೂ ಹತ್ತು ಪಾರ್ಕುಗಳಿಗೆ ಅದನ್ನೇ ಶಿಫಾರಸು ಮಾಡುತ್ತೇನೆ ಎಂದೂ ಅಂದ.

ಆ ಹತ್ತು ಮ್ಯಾಟುಗಳ ಮಾತನ್ನು ನಾನು ಗಿರಿಜಮ್ಮನಿಗೆ ಹೇಳಿಬಿಟ್ಟೆ. ಅವರ ಸೊಸೈಟಿಯಲ್ಲಿ ಅಲ್ಲಿಯವರೆಗೆ ಹಗ್ಗ ಹೊಸೆದು ಸಂತೆಗೆ ಕಳಿಸುತ್ತಿದ್ದರು ಅಷ್ಟೆ. ವರ್ಷದಲ್ಲಿ ಐದಾರು ತಿಂಗಳು ಕೆಲಸವಿಲ್ಲದೆ ಶೆಡ್ಡಿಗೆ ಬೀಗ. ಹತ್ತು ಮ್ಯಾಟು ಅಂದರೆ ವರ್ಷವಿಡೀ ಬಾಗಿಲು ತೆರೆದಿರುತ್ತದೆ. ಅವರು ಹಳೆಯ ಮಗ್ಗವನ್ನು ಬಿಚ್ಚಿಸಿ ಅಗಲ ಮಾಡಿಸಿದರು. ಇಪ್ಪತ್ತೆರಡು ಗಜದ ಮ್ಯಾಟನ್ನು ಅವರಲ್ಲಿ ಯಾರೂ ನೋಡಿಯೇ ಇರಲಿಲ್ಲ. ಎರಡು ಸಲ ನೇಯ್ದು, ಅಂಚು ಸೊಟ್ಟ ಬಂತೆಂದು ಎರಡು ಸಲವೂ ಬಿಚ್ಚಿದರು. ಇದೆಲ್ಲ ನನಗೆ ಶನಿವಾರದ ಫೋನುಗಳಲ್ಲಿ ತಿಳಿಯುತ್ತಿತ್ತು.

ನಾನು ಸುಮ್ಮನೆ ಕೂತಿರಲಿಲ್ಲ ನೋಡಿ. ಹೊರದೇಶದ ಮಣ್ಣು, ಗಿಡಗಳ ರೋಗ ಒಳಗೆ ಬರಬಾರದೆಂಬ ಇಲ್ಲಿನ ನಿಯಮಗಳನ್ನು ಓದಿ ಎರಡು ಪುಟದ ಫ್ಯಾಕ್ಸು ಕಳಿಸಿದ್ದೆ. ನಾರು ಚೆನ್ನಾಗಿ ಒಣಗಿರಬೇಕು, ಮಣ್ಣು ಇರಬಾರದು, ಸಿಪ್ಪೆ ಇರಬಾರದು, ಎಲೆ ಹುಲ್ಲು ಏನೂ ಅಂಟಿರಬಾರದು. ಕೆಳಗೆ ಗೆರೆ ಬೇರೆ ಎಳೆದಿದ್ದೆ. ಇಲ್ಲಿ ತುಂಬಬೇಕಾದ ಫಾರಮ್ಮಿನಲ್ಲಿ ಒಣಗಿದ ನಾರು ಬಿಟ್ಟರೆ ಬೇರೇನೂ ಇಲ್ಲ ಎಂದು ಬರೆದು ಸಹಿ ಹಾಕಿದವನೂ ನಾನೇ.

ಮ್ಯಾಟು ಮುಗಿದ ಸುದ್ದಿ ಬಂದ ಶನಿವಾರ ನಮ್ಮ ಅಡುಗೆಮನೆಯಲ್ಲಿ ಇಲ್ಲಿನ ನಮ್ಮ ಕ್ರಿಕೆಟ್ ಕ್ಲಬ್ಬಿನ ಕ್ಯಾಪ್ಟನ್ ಪಾಟೀಲರು ಉಪ್ಪಿಟ್ಟು ತಿನ್ನುತ್ತಾ ಕೂತಿದ್ದರು. ಅವರು ಧಾರವಾಡದವರು. ಸುಮ ಶಿಫ್ಟಿಗೆ ಹೋಗಿದ್ದಳು. ಫೋನು ಸ್ಪೀಕರಿನಲ್ಲಿತ್ತು. ನಾಳೆ ಲಾರಿ ಬರುತ್ತದೆ, ಇನ್ನೇನಾದರೂ ಹೇಳುವುದಿದೆಯಾ ಎಂದು ಗಿರಿಜಮ್ಮ ಕೇಳಿದರು. ನಾನು ಖುಷಿಯಲ್ಲಿದ್ದೆ.

“ಏನಿಲ್ಲ ಗಿರಿಜಮ್ಮ. ಒಂದು ಪೂಜೆ ಮಾಡಿ ಕಳಿಸಿಬಿಡಿ,” ಅಂದೆ.

ನೀವೇ ಹೇಳಿ, ಹೊಸ ಸ್ಕೂಟರು ಕೊಂಡವರಿಗೆ, ಅಂಗಡಿ ತೆಗೆದವರಿಗೆ, ನಾವು ಇನ್ನೇನು ಹೇಳುತ್ತೇವೆ? ಬಾಯಿಗೆ ಬಂದ ಮಾತು. ಆ ಕಡೆಯಿಂದ ಗಿರಿಜಮ್ಮ, “ಆಗ್ಲಿ ಭಾವನೋರೆ, ನೀವ್ ಹೇಳ್ದಂಗೇ ಮಾಡ್ತೀವಿ” ಅಂದರು.

ಹಡಗು ಬರಲು ಐದು ವಾರ ಹಿಡಿಯಿತು. ಆ ಐದು ವಾರ ನಾನು ಯಾವ ಕೆಲಸವನ್ನೂ ಸರಿಯಾಗಿ ಮಾಡಲಿಲ್ಲ. ಗ್ಲೆನ್ ವಾರಕ್ಕೊಮ್ಮೆ ಫೋನು ಮಾಡಿ ದಿನಾಂಕ ನೆನಪಿಸುತ್ತಿದ್ದ. ಕಾಂಕ್ರೀಟು ಹಾಕಿ ಆಗಿತ್ತು. ಆಫೀಸಿನಿಂದ ಬರುವಾಗ ಕಾರು ತಿರುಗಿಸಿ ಆ ಬೋಳು ಪಟ್ಟಿಯನ್ನು ನೋಡಿ ಬರುವುದು ನನಗೆ ಚಾಳಿಯಾಯಿತು. ಜೂನ್ ಮಧ್ಯದಲ್ಲಿ ವಿಮಾನ ನಿಲ್ದಾಣದ ಹತ್ತಿರದ ಗೋದಾಮಿನಿಂದ ಕರೆ ಬಂತು. ಮ್ಯಾಟು ಬಂದಿದೆ, ಆದರೆ ಬಿಡುವುದಕ್ಕೆ ಮೊದಲು ಕೃಷಿ ಇಲಾಖೆಯ ಇನ್‌ಸ್ಪೆಕ್ಟರು ನಿಮ್ಮ ಜೊತೆ ಮಾತಾಡಬೇಕಂತೆ ಎಂದರು. ಅತಿಥಿಗಳು ಬರಲು ಇನ್ನು ಹದಿನೈದು ದಿನವಿತ್ತು.

ನಾನೂ ಪಾಟೀಲರೂ ಹೋದೆವು. ಮ್ಯಾಟನ್ನು ಅರ್ಧ ಬಿಚ್ಚಿ ನೆಲಕ್ಕೆ ಹಾಸಿದ್ದರು. ಎಷ್ಟು ಚೆಂದ ನೇಯ್ದಿದ್ದರು ಎಂದರೆ ಒಂದು ಕ್ಷಣ ನಾನು ಬಂದ ಕೆಲಸವನ್ನೇ ಮರೆತೆ. ಅಂಚು ನೂಲು ಹಿಡಿದಂತೆ ನೆಟ್ಟಗಿತ್ತು. ಇನ್‌ಸ್ಪೆಕ್ಟರ್ ಒಬ್ಬ ನಡುವಯಸ್ಸಿನ ಹೆಂಗಸು, ಕೈಗೆ ಗ್ಲೌಸು. ಸುರುಳಿಯ ನಟ್ಟನಡುವೆ ಒಣಗಿದ ಬಾಳೆಲೆಯ ಪೊಟ್ಟಣವೊಂದು ಸಿಕ್ಕಿತೆಂದು ಮೇಜಿನ ಮೇಲೆ ತೋರಿಸಿದಳು. ಎಲೆ ಬಿಡಿಸಿದ್ದರು. ಒಳಗೆ ಸಗಣಿಯ ಬೆನಕಪ್ಪ. ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿ, ಕುಂಕುಮವಿಟ್ಟು, ಪಕ್ಕದಲ್ಲಿ ಅಕ್ಕಿ ಮತ್ತು ಎರಡು ಅಡಿಕೆ. ನಮ್ಮ ಕಡೆ ಯಾವ ಶುಭಕಾರ್ಯಕ್ಕೂ ಮೊದಲು ಮಾಡಿಡುವ ಅದೇ ಬೆನಕಪ್ಪ. ದಾರಿಯಲ್ಲಿ ವಿಘ್ನ ಬಾರದಿರಲಿ ಎಂದು ಮ್ಯಾಟಿನ ಹೊಟ್ಟೆಯೊಳಗೇ ಕೂರಿಸಿ ಕಳಿಸಿದ್ದರು.

ಇದು ಮಣ್ಣೇ ಎಂದು ಆಕೆ ಕೇಳಿದಳು. ಅಲ್ಲ ಅಂದೆ. ಮತ್ತೇನು ಅಂದಳು. ಇಂಗ್ಲಿಷಿನಲ್ಲಿ ಹೇಳಲೇಬೇಕಾಯಿತು. ಆಕೆ ನಗಲಿಲ್ಲ, ಸಿಟ್ಟೂ ಆಗಲಿಲ್ಲ, ಬರೆದುಕೊಂಡಳು. ನಾನು ಸಹಿ ಮಾಡಿದ ಫಾರಮ್ಮನ್ನು ಪಕ್ಕದಲ್ಲಿಟ್ಟಳು. ಎರಡೇ ದಾರಿ ಎಂದಳು. ಕ್ರಿಮಿಗಳು ಸಾಯುವಂತೆ ಇಡೀ ಮ್ಯಾಟಿಗೆ ಶಾಖದ ಚಿಕಿತ್ಸೆ ಮಾಡಿಸಬೇಕು, ಅದಕ್ಕೆ ಐದಾರು ವಾರ. ಇಲ್ಲವೇ ನಾಶಪಡಿಸಲು ಒಪ್ಪಿಗೆ ಕೊಡಬೇಕು. ಯೋಚಿಸಲು ಒಂದು ವಾರವಿದೆ ಎಂದಳು.

ಮಧ್ಯಾಹ್ನವೇ ಗ್ಲೆನ್ ಸಭೆ ಕರೆದ. ಸಮಿತಿಯವರೆಲ್ಲ ಇದ್ದರು, ಗೋದಾಮಿನಿಂದ ನನ್ನ ಜೊತೆಗೇ ಬಂದ ಪಾಟೀಲರೂ ಇದ್ದರು. ಸೂಟಿನ ಗುಜರಾತಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ನಡೆದದ್ದನ್ನು ಹೇಳಿದೆ, ಬಹುತೇಕ. ಗ್ಲೆನ್ ಕೇಳಿದ್ದು ಒಂದೇ ಪ್ರಶ್ನೆ. ಇಂಥದ್ದು ಕಳಿಸಬಾರದೆಂದು ಅವರಿಗೆ ಗೊತ್ತಿತ್ತೇ? ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬ್ಯಾಗಿನಿಂದ ಆ ಎರಡು ಪುಟದ ಫ್ಯಾಕ್ಸು ತೆಗೆದು ಮೇಜಿನ ಮೇಲಿಟ್ಟೆ. ಗೆರೆ ಎಳೆದ ಸಾಲನ್ನು ಬೆರಳಿನಿಂದ ತೋರಿಸಿದೆ. ಸ್ಪಷ್ಟವಾಗಿ ತಿಳಿಸಿದ್ದೆವು, ಅವರು ಪಾಲಿಸಲಿಲ್ಲ ಎಂದೆ.

ಪಾಟೀಲರು ನನ್ನ ಮುಖವನ್ನೇ ನೋಡುತ್ತಿದ್ದರು. ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ತೆಗೆಯುವಾಗ, “ಪೂಜಾ ಮಾಡಿ ಕಳಸ್ರಿ ಅಂತ ನೀವೇ ಅಂದಿದ್ರಲ್ರೀ,” ಅಂದರು. ನಾನು, ಅದು ಸುಮ್ಮನೆ ಅಂದ ಮಾತಲ್ಲವೇ ಎಂದು ಗೊಣಗಿದೆ. “ನಿಮಗ ಸುಮ್ಮನ. ಅವರಿಗಲ್ಲ,” ಅಂದು ಹತ್ತಿ ಕೂತರು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲೇ ಇಲ್ಲ.

ಮರುದಿನವೇ ನಾಶಕ್ಕೆ ಒಪ್ಪಿ ಸಹಿ ಹಾಕಿದೆ. ಒಂದು ವಾರ ಯೋಚಿಸಬಹುದಿತ್ತು. ಚಿಕಿತ್ಸೆ ಮಾಡಿಸಿದ್ದರೆ ಆಗಸ್ಟಿನಲ್ಲಾದರೂ ಗ್ಲೆನ್ ಆ ಮ್ಯಾಟನ್ನು ಕಣ್ಣಾರೆ ನೋಡುತ್ತಿದ್ದ. ಆದರೆ ನನಗೆ ಆ ಬೆನಕಪ್ಪನ ವಿಷಯ ಆದಷ್ಟು ಬೇಗ ಮುಗಿಯಬೇಕಿತ್ತು. ಹತ್ತಿರದ ಅಂಗಡಿಯೊಂದರಿಂದ ಹಸಿರು ಪ್ಲಾಸ್ಟಿಕ್ ಕಾರ್ಪೆಟ್ಟು ಬಂತು. ಪಂದ್ಯ ನಡೆಯಿತು, ಮೇಯರು ಎರಡು ರನ್ನು ಹೊಡೆದರು, ಊರಿನ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಉಳಿದ ಹತ್ತು ಪಾರ್ಕುಗಳೂ ಹಸಿರು ಕಾರ್ಪೆಟ್ಟನ್ನೇ ಹಾಸಿದವು. ಅರೋರಾ ಎಂಬ ಊರಿನ ಕಡೆ ಹೋದಾಗ ಈಗಲೂ ಕಾಣುತ್ತವೆ.

ಗಿರಿಜಮ್ಮನಿಗೆ ಫೋನು ಮಾಡಿ, ಬೆನಕಪ್ಪ ಸಿಕ್ಕಿದ್ದಕ್ಕೆ ಮ್ಯಾಟು ನಾಶವಾಯಿತೆಂದು ಹೇಳಿದೆ.

“ಪೂಜೆ ಮಾಡ್ಬಾರ್ದಿತ್ತಾ ಭಾವ?”

ಅಲ್ಲೇ ಹೇಳಿಬಿಡಬಹುದಿತ್ತು, ತಪ್ಪು ನನ್ನದು ಎಂದು. ಐದೇ ಅಕ್ಷರ. ಇಲ್ಲಿಯ ರೂಲ್ಸು ಹಾಗಿರುತ್ತದೆ ಗಿರಿಜಮ್ಮ, ಫ್ಯಾಕ್ಸಿನಲ್ಲಿ ಬರೆದಿದ್ದೆನಲ್ಲ ಎಂದೆ. ಅವರು, “ಹೌದು ಹೌದು, ಬರ್ದಿದ್ರಿ” ಎಂದು ಫೋನಿಟ್ಟರು.

ಇಷ್ಟು ವರ್ಷ ಇದನ್ನು ನಾನು ದುರದೃಷ್ಟದ ಖಾತೆಗೆ ಹಾಕಿಕೊಂಡು ಹಾಯಾಗಿದ್ದೆ. ಪಾರ್ಟಿಗಳಲ್ಲಿ ಸಗಣಿ ಬೆನಕಪ್ಪ ಮತ್ತು ಕೆನಡಾದ ಇನ್‌ಸ್ಪೆಕ್ಟರಮ್ಮನ ಕಥೆ ಹೇಳಿ ಜನರನ್ನು ನಗಿಸಿದ್ದೇನೆ ಕೂಡ. ನನ್ನ ಫೋನಿನ ಮಾತೊಂದನ್ನು ಬಿಟ್ಟು ಮಿಕ್ಕೆಲ್ಲ ಹೇಳುತ್ತಿದ್ದೆ. ಪಾಟೀಲರು ಇದ್ದ ಮನೆಯಲ್ಲಿ ಮಾತ್ರ ಆ ಕಥೆ ತೆಗೆಯುತ್ತಿರಲಿಲ್ಲ.

ಈಗ ಆ ಒದ್ದೆ ಅಟ್ಟಿಯ ಮುಂದೆ ಸುಮ ತನ್ನ ಪಾಡಿಗೆ ಮಾತಾಡುತ್ತಿದ್ದಳು. ಮ್ಯಾಟು ಸುಟ್ಟುಹಾಕಿದರೆಂದು ಗೊತ್ತಾದಾಗ ಹೆಂಗಸರೆಲ್ಲ ಶೆಡ್ಡಿನಲ್ಲಿ ಸೇರಿದರಂತೆ. ಬೆನಕಪ್ಪನ್ನ ಇಡೋಕೆ ಯಾರು ಹೇಳಿದ್ದು ಎಂದು ಕೇಳಿದರಂತೆ.

“ಯಾರೋ ಪೂಜೆ ಮಾಡಿ ಅಂದಿದ್ರಂತೆ, ಗಿರಿಜ ಹೆಸರೇ ಹೇಳ್ಲಿಲ್ಲವಂತೆ. ನಂದೇ ತಪ್ಪು ಅಂದ್ಬಿಟ್ಟು ಬೀಗದ ಕೈ ಕೊಟ್ಟಳಂತೆ. ಇವತ್ತಿಗೂ ಹೇಳಿಲ್ಲ. ನಾನು ಕೇಳಿದ್ರೂ ಹೇಳ್ಲಿಲ್ಲ, ನಕ್ಕಳು. ಯಾರಿರಬಹುದು ಅಂತೀರಾ?”

ಅವಳು ನಿಜವಾಗಿ ಕೇಳುತ್ತಿದ್ದಳೋ, ಗೊತ್ತಿದ್ದೇ ಕೇಳುತ್ತಿದ್ದಳೋ, ನನಗೆ ಇನ್ನೂ ತಿಳಿಯದು. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು ಕಾಲೊರೆಸುವ ಮ್ಯಾಟುಗಳ ಎದುರು ನಿಂತು ಅಳುವುದು ಚೆನ್ನಾಗಿರುವುದಿಲ್ಲ ಎಂದು ತಡೆದುಕೊಂಡೆ.

“ಹೇಳಿದ್ದು ನಾನು,” ಅಂದೆ.

ಸುಮ ಬೈಯಬಹುದು ಎಂದುಕೊಂಡಿದ್ದೆ. ಅವಳು ಪರ್ಸಿನಿಂದ ಊರಿಗೆ ಫೋನು ಮಾಡುವ ಕಾಲಿಂಗ್ ಕಾರ್ಡು ತೆಗೆದು, “ಇದನ್ನ ನನಗ್ಯಾಕೆ ಹೇಳ್ತೀರಿ?” ಅಂದಳು. ವಾಷರು ಅಲ್ಲಿಗೇ ಬಿಟ್ಟು ಇಬ್ಬರೂ ಕಾರಿನಲ್ಲಿ ಕೂತೆವು. ತಿಪಟೂರಿನ ಕಡೆ ಆಗ ಸಂಜೆ ಐದೂವರೆ. ಕಾರ್ಡಿನ ಉದ್ದದ ನಂಬರನ್ನು ಎರಡು ಸಲ ತಪ್ಪು ಒತ್ತಿದೆ. ಮೂರನೆಯ ಸಲ ಗಿರಿಜಮ್ಮನೇ ಎತ್ತಿದರು. ಹಿಂದೆ ಹುರಿ ಹೊಸೆಯುವ ರಾಟೆಗಳ ಸದ್ದು. ಕಾರ್ಯದರ್ಶಿ ಪದವಿ ಬಿಟ್ಟವರು ಶೆಡ್ಡು ಬಿಟ್ಟಿರಲಿಲ್ಲ.

ಕುಶಲ ವಿಚಾರಿಸುವ ಮೊದಲೇ ಹೇಳಿಬಿಟ್ಟೆ. ಪೂಜೆ ಮಾಡಿ ಅಂದಿದ್ದು ನಾನು, ಇಲ್ಲಿ ಸಭೆಯಲ್ಲಿ ನಿಮ್ಮ ಮೇಲೆ ಹಾಕಿದ್ದೂ ನಾನು, ಮ್ಯಾಟು ಉಳಿಸಬಹುದಿತ್ತು, ನಾನೇ ಉಳಿಸಲಿಲ್ಲ.

“ನೀವು ಅಂದಿದ್ದು ನಂಗೊತ್ತಲ್ಲ ಭಾವ. ಕೇಳಿಸ್ಕಂಡೋಳು ನಾನೇ ಅಲ್ವಾ,” ಅಂದರು ಗಿರಿಜಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹಗುರಾಗತೊಡಗಿತ್ತು. ಆಗ ಅವರು ಮುಂದುವರಿಸಿದರು.

“ಎಲ್ರೂ ಇಲ್ಲೇ ಕುಂತವ್ರೆ. ಫೋನು ಜೋರಾಗಿ ಇಡ್ತೀನಿ. ನಂಗೆ ಹೇಳಿದ್ದನ್ನ ಅವರಿಗೂ ಒಂದು ಸಲ ಹೇಳಿ.”

ರಾಟೆಗಳು ಒಂದೊಂದಾಗಿ ನಿಲ್ಲುವುದು ಕೇಳಿಸಿತು. ಕೊನೆಯದೂ ನಿಂತಿತು. ಯಾರೋ ಕೆಮ್ಮಿದರು. ನಾನು ನನ್ನ ಹೆಸರು ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.