ನಾನು ಕಲಿಸಿದ ‘ಲಾ’

ಇಪ್ಪತ್ತು ವರ್ಷದ ಒಬ್ಬ ಹುಡುಗಿಗೆ ನಾನು ಒಂದು ಅಕ್ಷರವನ್ನು ತಪ್ಪಾಗಿ ಕಲಿಸಿದೆ. ಬೇಕೆಂದೇ ಕಲಿಸಿದೆ. ಅವಳು ಪರದೇಶದವಳು, ನಮ್ಮ ಕಡೆಯ ಮಕ್ಕಳಿಗೆ ಆಟ ಪಾಠ ಹೇಳಿಕೊಡಲು ತಾನಾಗಿ ಬಂದವಳು. ನನಗೆ ಸಿಟ್ಟಿದ್ದದ್ದು ಅವಳ ಮೇಲಲ್ಲ.

ಸಿಟ್ಟಿದ್ದದ್ದು ಬೇರೊಬ್ಬನ ಮೇಲೆ. ಪಾಂಡವಪುರದ ಹೈಸ್ಕೂಲಿನಲ್ಲಿ ಅವನೂ ನಾನೂ ಒಂದೇ ಬೆಂಚಿನವರು. ಅವನದು ಗದ್ದೆ, ಕಬ್ಬು, ಹಸುಗಳಿದ್ದ ಗೌಡರ ಮನೆ. ನಮ್ಮದು ಆಚಾರಿಗಳ ಮನೆ. ಅಪ್ಪ ನೇಗಿಲು, ಬಾಗಿಲು ಮಾಡುತ್ತಿದ್ದ. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಉಳಿ ಹಿಡಿದೆ, ಅವನು ಸೊಸೈಟಿ ಚುನಾವಣೆ ಹಿಡಿದ. ಆದರೂ ಸಿಕ್ಕಾಗಲೆಲ್ಲ ಹೆಗಲ ಮೇಲೆ ಕೈ ಹಾಕಿ ‘ಏನ್ಲಾ’ ಅನ್ನುತ್ತಿದ್ದ, ನಾನೂ ‘ಏನ್ಲಾ’ ಅನ್ನುತ್ತಿದ್ದೆ. ಸಲಿಗೆಯಿದ್ದವರ ಹತ್ತಿರ ಮಾತಿನ ತುದಿಗೆ ಹೀಗೆ ‘ಲಾ’ ಅಂಟಿಸುವುದು ನಮ್ಮ ಕಡೆ ಗಂಡಸರ ರೂಢಿ. ಬಾರ್ಲಾ, ಹೋಗ್ಲಾ, ಉಂಡ್ಯೇನ್ಲಾ. ಗುರುತಿಲ್ಲದವನಿಗೆ ಅಂದರೆ ಹೊಡೆದಾಟವೇ ಆದೀತು. ನಾವಿಬ್ಬರು ನಲವತ್ತು ವರ್ಷ ಒಬ್ಬರಿಗೊಬ್ಬರು ಹಾಗೆ ಅನ್ನುತ್ತಲೇ ಬಂದಿದ್ದೆವು.

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿ, ಕಬ್ಬು ಕಡಿಯಲು ಬರುವವರ ಮಕ್ಕಳಿಗೆಂದು ಒಂದು ಹಗಲು ಶಾಲೆ ಎದ್ದಿತು. ಅದನ್ನು ನಡೆಸುವ ಸಂಘಕ್ಕೆ ಅವನೇ ಅಧ್ಯಕ್ಷ. ಬಾಗಿಲುಗಳನ್ನು ನಾನು ಮಾಡಿದ್ದೆ. ಶಾಲೆ ಶುರುವಾದ ದಿನ ಅವನು ಕಾರಿನಿಂದ ಇಳಿದದ್ದೇ ತಡ, ನಾನು ಸಂತೋಷ ತಡೆಯಲಾರದೆ ಕೂಗಿದೆ.

“ಬಾರ್ಲಾ, ಬಾಗ್ಲು ಎಂಗವೆ ನೋಡ್ಬಾರ್ಲಾ.”

ಅವನ ಹಿಂದೆ ನಾಲ್ಕೈದು ಜನ ದೊಡ್ಡವರಿದ್ದರು. ಅವನು ನಿಂತ. ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಯಾರ್‌ಗ್ಲಾ ಬಾರ್ಲಾ ಅಂತಿಯಾ? ಬನ್ನಿ ಅನ್ನಾಕ್ ಬರಾಕಿಲ್ವ ನಿಂಗೆ? ನಾಕ್ ಜನ ಅವ್ರೆ, ಕಣ್ ಕಾಣಾಕಿಲ್ವೇನ್ಲಾ?”

‘ಲಾ’ ಅನ್ನಬೇಡ ಅಂತ ‘ಲಾ’ ಹಾಕಿಯೇ ಬೈದ. ಅಂದರೆ ಅವನದು ಅವನ ಹತ್ತಿರವೇ ಉಳಿಯಿತು, ನನ್ನದನ್ನು ಕಿತ್ತುಕೊಂಡ. ನಾನು “ಬನ್ನಿ” ಅಂದೆ. ಅವತ್ತಿನಿಂದ ಅವನೆದುರು ಬಾಯಿ ತೆರೆದಾಗಲೆಲ್ಲ ‘ಬನ್ನಿ’, ‘ಕೂತ್ಕಳಿ’. ಮನೆಗೆ ಹೋಗಿ ಮಲಗಿದರೆ ಅವನ ಮುಖಕ್ಕೆ ನೂರು ಸಲ ‘ಲಾ’ ಅನ್ನುತ್ತಿದ್ದೆ. ನಾಲ್ಕು ಜನರೆದುರು ಯಾರಾದರೂ ಅವನಿಗೆ ಹಾಗೆ ಅನ್ನಬೇಕು, ಅವನು ಅದನ್ನು ನುಂಗಬೇಕು, ಅದನ್ನು ನಾನು ನಿಂತು ನೋಡಬೇಕು. ಆರು ವರ್ಷ ಇದೊಂದೇ ಆಸೆಯನ್ನು ಸಾಕಿಕೊಂಡಿದ್ದೆ.

ಆ ಹೊತ್ತಿಗೆ ನಾನು ಶ್ರೀರಂಗಪಟ್ಟಣದಲ್ಲಿ ಮರದ ಆಟಿಕೆಗಳ ಚಿಕ್ಕ ಅಂಗಡಿ ಇಟ್ಟಿದ್ದೆ. ಊರು ನೋಡಲು ಬರುವ ಫಾರಿನ್ನಿನವರ ಹತ್ತಿರ ಚೌಕಾಸಿ ಮಾಡಿ ಮಾಡಿ ಇಂಗ್ಲಿಷು ಸುಮಾರಾಗಿ ಬರುತ್ತಿತ್ತು. ಹೋದ ವರ್ಷ ಆ ಶಾಲೆಗೆ ಬೇರೆ ಬೇರೆ ದೇಶಗಳಿಂದ ಐದು ಜನ ಹುಡುಗ ಹುಡುಗಿಯರು ಸ್ವಯಂಸೇವೆಗೆ ಬಂದರು. ಅವರಿಗೆ ನಾಲ್ಕು ದಿನ ನಮ್ಮ ನಾಡನ್ನು ತೋರಿಸಿ, ಹತ್ತಾರು ಮಾತು ಕಲಿಸಿ ಮಕ್ಕಳ ಹತ್ತಿರ ಬಿಡಬೇಕು ಎಂದು ಶಾಲೆಯ ಮೇಲ್ವಿಚಾರಕಿ ನನ್ನನ್ನು ಕೇಳಿದಳು. ಮೂರು ತಿಂಗಳು ಕಳೆದು ಕಬ್ಬು ಮುಗಿದರೆ ಮಕ್ಕಳೂ ಹೊರಡುತ್ತವೆ. ಅಷ್ಟರೊಳಗೆ ಮಾತು ಕೂಡಬೇಕು. ಅವನ ಶಾಲೆ ಎಂದು ಗೊತ್ತಿದ್ದೂ ಒಪ್ಪಿಕೊಂಡೆ.

ಮೊದಲ ಮೂರು ದಿನ ಪ್ರಾಮಾಣಿಕವಾಗಿ ಕಲಿಸಿದೆ. ಟೆಂಪೋದಲ್ಲಿ ಕೆ.ಆರ್. ಪೇಟೆಯ ಸಂತೆಗೆ ಕರೆದುಕೊಂಡು ಹೋಗಿ ಎಡಗೈಯಲ್ಲಿ ಏನನ್ನೂ ಕೊಡಬೇಡಿ ಎಂದೆ. ನಾಗಮಂಗಲದಲ್ಲಿ ಹಿತ್ತಾಳೆ ಕೆಲಸ ಮಾಡುವ ನೆಂಟರ ಮನೆಯಲ್ಲಿ ಚಪ್ಪಲಿ ಬಿಡುವುದು ಕಲಿಸಿದೆ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕು ಎಂದು ತೋರಿಸಿದೆ. ನಾಲ್ವರು ಅಗಿದು ಹಲ್ಲಿಗೆ ಅಂಟಿಸಿಕೊಂಡರು. ಒಬ್ಬ ಹುಡುಗಿ ಮಾತ್ರ ಕಣ್ಣು ಮುಚ್ಚಿ ನುಂಗಿದಳು. ಕಣ್ಣಲ್ಲಿ ನೀರು ಬಂತು, “ಇನ್ನೊಂದು ಸಲ” ಎಂದಳು.

ನಾನು ಹೇಳುತ್ತಿರುವುದು ಅವಳ ವಿಷಯವೇ. ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಸಂಜೆ ಅಷ್ಟನ್ನೂ ನನಗೆ ಒಪ್ಪಿಸುವಳು. ಅವರೆಲ್ಲ ಉಳಿದುಕೊಂಡಿದ್ದ ಶಾಲೆಯಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಇವಳು “ಬಾ ಕಂದ, ಯಾವ್ ಬಣ್ಣ ಬೇಕು?” ಎಂದು ಓರೆಕೋರೆ ಕನ್ನಡದಲ್ಲಿ ಕೇಳಿದ್ದಕ್ಕೆ ಬಂದು ತೊಡೆಯ ಮೇಲೆ ಕೂತಿತು. ಆಮೇಲೆ ಇಳಿಯಲೇ ಇಲ್ಲ.

ಮೂರನೆಯ ಸಂಜೆ ಮೇಲ್ವಿಚಾರಕಿ ಬಂದು, “ನಾಳೆ ಅಧ್ಯಕ್ಷರು ಬರ್ತಾರೆ, ಗೆಸ್ಟುಗಳೂ ಇರ್ತಾರೆ. ಇವಳೇ ಕನ್ನಡದಲ್ಲಿ ಸ್ವಾಗತ ಮಾಡ್ಲಿ” ಎಂದಳು. ಹುಡುಗಿ ನೋಟ್‌ಬುಕ್ಕು ತೆಗೆದು ನನ್ನ ಮುಂದೆ ಕೂತಳು. ದೊಡ್ಡ ಮನುಷ್ಯರನ್ನು ಹೇಗೆ ಮಾತಾಡಿಸಬೇಕು ಎಂದು ಕೇಳಿದಳು.

ಯೋಚಿಸಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಆರು ವರ್ಷದಿಂದ ಅದು ನಾಲಿಗೆಯ ತುದಿಯಲ್ಲೇ ಕೂತಿತ್ತು. “ನಮ್ಮ ಜಿಲ್ಲೆಯಲ್ಲಿ ಬಹಳ ದೊಡ್ಡವರಿಗೆ ಕೊನೆಯಲ್ಲಿ ‘ಲಾ’ ಸೇರಿಸುತ್ತೇವೆ” ಎಂದೆ. “ಎಷ್ಟು ಲಾ ಹಾಕಿದರೆ ಅಷ್ಟು ಮರ್ಯಾದೆ.” ಅವಳು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದಳು.

ಮರುದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ಮೈಕು. ಅವನು ಗರಿಗರಿ ಬಿಳಿ ಅಂಗಿ ತೊಟ್ಟು ಬಂದ. ಹುಡುಗಿ ಸೀರೆ ಉಟ್ಟು, ಎರಡೂ ಕೈ ಮುಗಿದು, ಮೈಕಿನಲ್ಲಿ ಒಂದೊಂದಾಗಿ ಅಂದಳು:

“ಬಾರ್ಲಾ. ಕುಂತ್ಕಳ್ಲಾ. ಚೆಂದಾಗಿದ್ದೀಯೇನ್ಲಾ? ನೀನ್ ಬಂದಿದ್ದು ನಮ್ಗೆ ಸಂತೋಷ ಕಣ್ಲಾ.”

ಮೊದಲು ನಕ್ಕದ್ದು ಮಕ್ಕಳು. ಆಮೇಲೆ ಟ್ರಾಕ್ಟರಿನ ಮೇಲೆ ಕೂತಿದ್ದವರು, ಆಮೇಲೆ ಕುರ್ಚಿಯವರು. ಅವನ ಮುಖ ಕಿವಿಯವರೆಗೆ ಕೆಂಪಾಯಿತು. ಜನರ ನಡುವಿನಿಂದ ಅವನ ಕಣ್ಣು ನನ್ನನ್ನು ಹುಡುಕಿ ನಿಂತಿತು. ನಾನು ಕಣ್ಣು ತಗ್ಗಿಸಲಿಲ್ಲ. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಆ ಸುಖ ಒಂದು ನಿಮಿಷ ಇದ್ದಿರಬಹುದು. ಅವನು ಎದ್ದು ಮೈಕು ತೆಗೆದುಕೊಂಡ. “ನೋಡಿ ಸ್ವಾಮಿ, ಎಲ್ಲಿಂದ್ಲೋ ಬಂದ ಮಗ ನನ್ನುನ್ನ ತನ್ ಮನೆ ಜನ ಅನ್ಕಂಬುಟ್ಟದೆ. ಇದ್ಕಿಂತ ದೊಡ್ ಸನ್ಮಾನ ಏನ್ ಬೇಕು ನಂಗೆ” ಎಂದ. ಚಪ್ಪಾಳೆ ಬಿತ್ತು. ಬಂದ ಗೆಸ್ಟುಗಳು ಅವನ ದೊಡ್ಡತನ ಹೊಗಳಿದರು. ನಾನು ಬೀಸಿದ ಕಲ್ಲನ್ನು ಹಿಡಿದು ಜೇಬಿಗೆ ಹಾಕಿಕೊಂಡು ಹೋದ.

ಪೆಟ್ಟು ಬಿದ್ದದ್ದು ಹುಡುಗಿಗೆ. ಜನ ಏಕೆ ನಕ್ಕರು ಎಂದು ಅವಳು ಅಡುಗೆ ಮನೆಗೆ ಹೋಗಿ ಅಡುಗೆಯಮ್ಮನನ್ನು ಕೇಳಿದಳಂತೆ. ಅಡುಗೆಯಮ್ಮ ಸನ್ನೆಯಲ್ಲಿ, ಅರ್ಧಂಬರ್ಧ ಮಾತಿನಲ್ಲಿ ತಿಳಿಸಿದಳು. ಮಾರನೆಯ ದಿನದಿಂದ ಅವಳ ಬಾಯಿಂದ ಕನ್ನಡ ಹೊರಡಲಿಲ್ಲ. ಮಕ್ಕಳ ಜೊತೆ ಬರೀ ಕೈಸನ್ನೆ. ಆ ಮಗು ಅವಳ ಗಲ್ಲ ಹಿಡಿದು ತಿರುಗಿಸಿ, “ಅಕ್ಕ, ಮಾತಾಡು” ಅಂದರೂ ಇಲ್ಲ. ಮಗು ಮತ್ತೆ ಮೂಲೆಗೆ ಹೋಗಿ ಕೂತಿತು.

ನನಗೆ ಇದು ಗೊತ್ತಾದದ್ದು ಒಂದು ವಾರದ ಮೇಲೆ, ಅಡುಗೆಯಮ್ಮನಿಂದಲೇ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಅಲ್ಲೇ ನಿಲ್ಲಿಸಿಕೊಂಡಳು.

“ಅಲ್ಲ ಕಣಣ್ಣ, ನಿಂಗೂ ಅವನ್‌ಗೂ ಜಗ್ಳ ಇದ್ರೆ ನೀವಿಬ್ರೂ ಬಡ್ಕಂಡ್ ಸಾಯಿ. ಆ ಎಣ್ಮಗ ಏನ್ ಮಾಡಿತ್ತು ನಿಂಗೆ? ಮಕ್ಳ ಕೂಡೆ ಮಾತಾಡ್ದಿದ್ರೆ ಇಲ್ಯಾಕೆ ಅಂತ ಸೋಮ್ವಾರ ಬೆಂಗ್ಳೂರ್ ಆಪೀಸ್ಗೆ ಕಳುಸ್ತಾವ್ರೆ. ಕಾಗ್ದ ಬರ್ಯಾಕೆ.”

“ನಾನ್ ಏನೋ ತಮಾಸೆಗೆ…”

“ತಮಾಸೆ. ತಲೆ ನೆರೆತ್ರೂ ಬುದ್ಧಿ ಬರ್ನಿಲ್ಲ.”

ಅವತ್ತೇ ಶಾಲೆಗೆ ಹೋದೆ. ಹುಡುಗಿ ಜಗಲಿಯ ಮೇಲೆ ಒಬ್ಬಳೇ ಕೂತಿದ್ದಳು. ತಪ್ಪು ನನ್ನದು, ಬೇಕೆಂದೇ ಮಾಡಿದೆ, ನಿನ್ನನ್ನು ಕಲ್ಲಿನ ಹಾಗೆ ಬಳಸಿಕೊಂಡೆ ಎಂದು ನನ್ನ ಅಂಗಡಿ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಒಳಗೆ ಹೋಗಿ ನೋಟ್‌ಬುಕ್ಕು ತಂದು ನನ್ನ ಕೈಗಿಟ್ಟು, “ಇದರಲ್ಲಿ ಸುಳ್ಳು ಯಾವುವು, ಹೊಡೆದುಹಾಕು” ಎಂದಳು.

ಪುಟ ಪುಟ ತಿರುಗಿಸಿದೆ. ಒಂದು ಸಾಲನ್ನು ಹೊಡೆದೆ.

“ಇದೊಂದೇನಾ?”

“ಇದೊಂದೇ.”

“ನಿನ್ನ ಮಾತನ್ನು ಹೇಗೆ ನಂಬಲಿ?”

ಅವಳ ಮಾತು ಸರಿಯಾಗಿತ್ತು. ‘ಕಂದ’ ಎನ್ನುವುದೂ ಬೈಗುಳವಿರಬಹುದು, ‘ಉಣ್ಣು’ ಎನ್ನುವುದೂ ಇರಬಹುದು; ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ನೋಟ್‌ಬುಕ್ಕನ್ನು ವಾಪಸು ತೆಗೆದುಕೊಂಡು ಹೇಳಿದಳು: “ಆವತ್ತು ಜನ ನಗುವಾಗ ಮಕ್ಕಳೆಲ್ಲ ಅಲ್ಲಿದ್ದವು. ಆ ಮಕ್ಕಳೆದುರು, ಆ ದೊಡ್ಡ ಮನುಷ್ಯನೆದುರು, ‘ಇದನ್ನು ಕಲಿಸಿದ್ದು ನಾನು’ ಎಂದು ಕನ್ನಡದಲ್ಲಿ ಹೇಳು, ಆಗ ನೋಡೋಣ.”

ಬೇರೆ ಏನು ಕೇಳಿದ್ದರೂ ಸುಲಭವಾಗಿತ್ತು. ಎರಡು ದಿನ ಒದ್ದಾಡಿದೆ. ಅವನ ಮುಂದೆ ತಲೆ ಬಾಗಿಸುವುದಕ್ಕಿಂತ ಅವಳು ಬೆಂಗಳೂರಿಗೆ ಹೋದರೆ ಹೋಗಲಿ ಎಂದೂ ಒಂದು ಹೊತ್ತು ಅನ್ನಿಸಿತು. ಅದೂ ನಿಜವೇ. ಶನಿವಾರ ಅವನು ಮಕ್ಕಳಿಗೆ ಚಾಪೆ ಹಂಚಲು ಬಂದಾಗ ಹೋಗಿ ನಿಂತೆ. ಮಕ್ಕಳು ಸಾಲಾಗಿ ಕೂತಿದ್ದವು. ಹುಡುಗಿ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು.

“ಮಕ್ಳಾ, ಅವತ್ತು ಅಕ್ಕ ತಪ್ಪು ಮಾತಾಡ್ನಿಲ್ಲ. ನಾನು ಸುಳ್ ಏಳ್ಕೊಟ್ಟಿದ್ದೆ. ಉಳ್ದಿದ್ದೆಲ್ಲ ಅಕ್ಕನ್ ಕನ್ನಡ ಸರ್ಯಾಗದೆ.” ಆಮೇಲೆ ಅವನ ಕಡೆ ತಿರುಗಿದೆ. “ನಿಮ್ಗೆ ಅವ್ಮಾನ ಆಗ್ಲಿ ಅಂತ ಮಾಡ್ದೆ. ತಪ್ಪಾಯ್ತು, ಕ್ಷಮ್ಸಿ.”

ಅವನು ಚಾಪೆ ಕೆಳಗಿಟ್ಟು ನನ್ನನ್ನೇ ನೋಡಿದ. ಒಂದು ಗಳಿಗೆ ಬೆಂಚಿನ ಗೆಳೆಯ ಕಂಡ ಹಾಗಾಯಿತು. ಆದರೆ ಅವನು ಮೇಲ್ವಿಚಾರಕಿಯ ಕಡೆ ತಿರುಗಿ, “ಇನ್ಮೇಲೆ ಇವ್ನುನ್ನ ಗೇಟ್ ಒಳೀಕ್ ಬುಡಬ್ಯಾಡಿ” ಎಂದ.

ಅವನನ್ನು ನಾನು ಕ್ಷಮಿಸಿಲ್ಲ. ಅವನಿಗಾಗಿ ಪಶ್ಚಾತ್ತಾಪವೂ ಇಲ್ಲ. ಈ ವಯಸ್ಸಿನಲ್ಲಿ ಅದು ಹುಟ್ಟುತ್ತದೆ ಎಂಬ ನಂಬಿಕೆಯೂ ಇಲ್ಲ. ನನ್ನ ತಪ್ಪೊಪ್ಪಿಗೆ ಆ ಹುಡುಗಿಗೆ ಸೇರಿದ್ದು.

ಅವಳು ಸೋಮವಾರ ಹೋಗಲಿಲ್ಲ, ಕಬ್ಬು ಮುಗಿಯುವವರೆಗೂ ಇದ್ದಳು. ನೋಟ್‌ಬುಕ್ಕಿನ ಒಂದೊಂದು ಮಾತನ್ನೂ ಮಕ್ಕಳ ಮುಂದೆ ಓದಿ, ಅವು “ಸರಿ” ಎಂದಮೇಲೆ ಗುರುತು ಹಾಕಿಕೊಂಡಳಂತೆ. ಹೊರಡುವ ಮುಂಚೆ ಒಂದು ದಿನ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಕರೆತಂದಿದ್ದಳು. ಅಂಗಡಿಯ ಮುಂದೆಯೇ ಹಾದುಹೋದರು. ಆ ಹೆಣ್ಣುಮಗು ಅವಳ ಕೈ ಹಿಡಿದು ಬಿಡದೆ ಏನೋ ಹರಟುತ್ತಿತ್ತು, ಇವಳು “ಊಂ ಕಣವ್ವ, ಊಂ” ಎನ್ನುತ್ತಿದ್ದಳು. ನಾನು ಎದ್ದು ನಿಂತು, “ಚೆಂದಾಗಿದ್ದೀಯಾ ಮಗ?” ಎಂದೆ.

ಅವಳು ನಿಂತಳು, ನಕ್ಕಳು, ಇಂಗ್ಲಿಷಿನಲ್ಲಿ ಚೆನ್ನಾಗಿದ್ದೇನೆ ಎಂದಳು, ನನ್ನ ಆರೋಗ್ಯವನ್ನೂ ಇಂಗ್ಲಿಷಿನಲ್ಲೇ ಕೇಳಿದಳು. ಎಲ್ಲರ ಹತ್ತಿರವೂ ಕನ್ನಡ ಆಡುವವಳು ನನ್ನ ಹತ್ತಿರ ಮಾತ್ರ ಕೊನೆಯವರೆಗೂ ಆಡಲಿಲ್ಲ.